ಬರ ಬಂದಾಗ, ಬೆಲೆ ಬಿದ್ದಾಗ ಜಮೀನು ಉಳಿಸಿಕೊಳ್ಳುವುದು ಹೇಗೆ: ಸಣ್ಣ ರೈತ ಕುಟುಂಬಕ್ಕೆ ಹಂತ ಹಂತದ ಮಾರ್ಗದರ್ಶಿ

ಕಷ್ಟದ ವರ್ಷದಲ್ಲಿ ಜಮೀನು ಕೈತಪ್ಪುವ ದಾರಿ ಹೆಚ್ಚಾಗಿ ಒಂದೇ. ಮೊದಲು ಕೈಸಾಲ. ಆಮೇಲೆ ಆ ದುಡ್ಡಲ್ಲಿ ಕೊಳವೆಬಾವಿ. ನೀರು ಬರದಿದ್ದರೆ ಬಡ್ಡಿ ಕಟ್ಟಲು ಹಾಲು ಕೊಡುವ ಹಸುವಿನ ಮಾರಾಟ. ಕೊನೆಗೆ ಜಮೀನಿನ ಪತ್ರಕ್ಕೆ ಸಹಿ. ಲೆಕ್ಕ ಹಾಕಲು ಕೂರುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

"ಯಾವ ಬೆಳೆ ಹಾಕಿದರೆ ಸಾಲ ತೀರುತ್ತದೆ?" ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಈ ಮಾರ್ಗದರ್ಶಿಯಲ್ಲಿ ಬೆಳೆಯ ಸರದಿ ಬರುವುದು ಆರನೇ ಹಂತಕ್ಕೆ. ಅದಕ್ಕೂ ಮೊದಲಿನ ಐದು ಕೆಲಸ ಬಿಟ್ಟವರೇ ಮತ್ತೆ ಮತ್ತೆ ಸೋಲುತ್ತಿರುವುದು. ಹಾಗಾಗಿ ದಯವಿಟ್ಟು ಕ್ರಮ ತಪ್ಪಿಸಬೇಡಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆಯ, ಎರಡರಿಂದ ಐದು ಎಕರೆ ಖುಷ್ಕಿ ಮತ್ತು ಒಂದೆರಡು ಹಸು ಇರುವ ಮನೆಗಳನ್ನು ಮನಸ್ಸಲ್ಲಿಟ್ಟು ಇದನ್ನು ಬರೆದಿದೆ. ಬೇರೆ ಕಡೆಯವರು ಬೆಳೆಯ ಹೆಸರು ಬದಲಿಸಿಕೊಳ್ಳಿ, ಕ್ರಮ ಅದೇ ಇರಲಿ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ನೂರು ಪುಟದ ನೋಟ್ ಪುಸ್ತಕ. ಎಲ್ಲ ಬ್ಯಾಂಕ್ ಪಾಸ್‌ಬುಕ್, ಸೊಸೈಟಿ ರಸೀದಿ, ಚಿನ್ನ ಅಡ ಇಟ್ಟ ಚೀಟಿ, ಡೈರಿ ಪಾಸ್‌ಬುಕ್. ಈ ವರ್ಷದ ಪಹಣಿ, ಅಂದರೆ ಜಮೀನು ಯಾರದು, ಎಷ್ಟು ಎಂದು ಹೇಳುವ ದಾಖಲೆ. ಮನೆಯವರ ಆಧಾರ್. ಮೇವು ತೂಗಲು ಒಂದು ತೂಗು ತಕ್ಕಡಿ. ಇದಿಷ್ಟು ಸಾಕು.

ಹಂತ 1: ಮನೆಯವರೆಲ್ಲ ಕೂತು ಮುಂದಿನ ಸುಗ್ಗಿವರೆಗಿನ ಲೆಕ್ಕ ಬರೆಯಿರಿ

ಯಜಮಾನರು ಒಬ್ಬರೇ ಕೂರುವುದು ಮೊದಲ ತಪ್ಪು. ದಿನದ ಖರ್ಚು ಗೊತ್ತಿರುವುದು ಮನೆಯಾಕೆಗೆ. ಡೈರಿ ಬಟವಾಡೆ ಗೊತ್ತಿರುವುದು ಹಾಲು ಹಾಕುವವರಿಗೆ. ಮಗ ಫೋನಿನಲ್ಲಿ ಕಂತಿನ ಸಾಲ ತೆಗೆದಿದ್ದರೆ ಅದು ಅವನಿಗೆ ಮಾತ್ರ ಗೊತ್ತು. ಎಲ್ಲರೂ ಇರಲಿ, ಯಾರನ್ನೂ ಬೈಯಬೇಡಿ. ಬೈದರೆ ಮುಚ್ಚಿಡುತ್ತಾರೆ, ಲೆಕ್ಕ ಸುಳ್ಳಾಗುತ್ತದೆ.

ಇಂದಿನಿಂದ ಮುಂದಿನ ಸುಗ್ಗಿಯ ದುಡ್ಡು ಕೈಗೆ ಬರುವವರೆಗೆ ಎಷ್ಟು ತಿಂಗಳು ಎಂದು ಎಣಿಸಿ. ಹತ್ತು ತಿಂಗಳು ಎಂದಿಟ್ಟುಕೊಳ್ಳೋಣ. ಮನೆ ಖರ್ಚು ತಿಂಗಳಿಗೆ 11,000 ರೂಪಾಯಿ. ಎರಡು ಹಸುವಿನಿಂದ ದಿನಕ್ಕೆ 14 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ ಅಂದರೆ ತಿಂಗಳಿಗೆ 14,700. ಬೂಸ, ಹಿಂಡಿ, ಫೀಡ್, ಔಷಧಿಗೆ 8,000 ಹೋಗಿ ಉಳಿಯುವುದು 6,700. ತಿಂಗಳಿಗೆ 4,300 ಕೊರತೆ, ಹತ್ತು ತಿಂಗಳಿಗೆ 43,000. ಬೀಜ, ಗೊಬ್ಬರ, ಉಳುಮೆಗೆ 15,000 ಸೇರಿಸಿದರೆ 58,000. ಪಿಎಂ ಕಿಸಾನ್‌ನಿಂದ ವರ್ಷಕ್ಕೆ ಬರುವ 6,000 ರೂಪಾಯಿಯಲ್ಲಿ ಎರಡು ಕಂತು, ಅಂದರೆ 4,000, ಈ ಅವಧಿಯಲ್ಲಿ ಸಿಗುತ್ತದೆ. ಉಳಿದ ಕೊರತೆ 54,000.

ಈ ಮನೆಯವರು ಲೆಕ್ಕ ಹಾಕದೆ ಹೋಗಿದ್ದರೆ "ಒಂದೂವರೆ ಲಕ್ಷ ಬೇಕಾಗುತ್ತೆ" ಅನ್ನುತ್ತಿದ್ದರು. ಲೆಕ್ಕ ಬರೆದ ಮೇಲೆ ಅವರು ಹುಡುಕಬೇಕಾದದ್ದು ಅದರ ಸುಮಾರು ಮೂರನೇ ಒಂದು ಭಾಗ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಬೇಕೆಂದೇ ಸೇರಿಸಿಲ್ಲ. ಕಂತು ತಡವಾದರೆ ಲೆಕ್ಕ ಮುರಿಯಬಾರದು. ಬಂದಾಗ ಅದು ಔಷಧಿ, ಶಾಲೆ ಫೀಸಿಗೆ ಮೀಸಲಿರಲಿ.

ಸಾಮಾನ್ಯ ತಪ್ಪು: ಇನ್ನೂ ಬೆಳೆಯದ ಬೆಳೆಯ ದುಡ್ಡನ್ನು ಆದಾಯದ ಕಡೆ ಬರೆಯುವುದು. ಮನೆಯೊಳಗೆ ಬಂದ ಮೇಲೆ ಬರೆಯಿರಿ.

ಹಂತ 2: ಸಾಲವನ್ನು ಮೊತ್ತದ ಪ್ರಕಾರ ಅಲ್ಲ, ಬಡ್ಡಿಯ ಪ್ರಕಾರ ಜೋಡಿಸಿ

ಪ್ರತಿ ಸಾಲಕ್ಕೂ ನಾಲ್ಕು ಸಂಗತಿ ಬರೆಯಿರಿ: ಅಸಲು ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು, ಕಂತಿನ ತಾರೀಖು ಯಾವುದು, ಅಡಮಾನಕ್ಕೆ ಏನು ಕೊಟ್ಟಿದ್ದೀರಿ.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತರುವುದು ಮುಖ್ಯ. "ನೂರಕ್ಕೆ ಮೂರು" ಅಂದರೆ ಕಿವಿಗೆ ಕಡಿಮೆ ಕೇಳಿಸುತ್ತದೆ. ಅದು ತಿಂಗಳಿಗೆ. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ. ಅದೇ ಒಂದು ಲಕ್ಷ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ ಇದ್ದರೆ, 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇ 7, ಗಡುವಿನೊಳಗೆ ಕಟ್ಟಿದವರಿಗೆ ಶೇ 4. ಅಂದರೆ ವರ್ಷಕ್ಕೆ 4,000. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಅದರ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಗಡುವು ತಪ್ಪಿದರೆ ಈ ರಿಯಾಯಿತಿ ಹೋಗುತ್ತದೆ ಅನ್ನುವುದು ನೆನಪಿರಲಿ.

ಈಗ ತೀರಿಸುವ ಕ್ರಮ. ಮೀಟರ್ ಬಡ್ಡಿ (ದಿನ ದಿನಕ್ಕೂ ಏರುವ ಬಡ್ಡಿ), ಕೈಸಾಲ ಮೊದಲು. ವಾರದ ಕಂತಿನ ಸಂಘದ ಸಾಲ ಆಮೇಲೆ. ಚಿನ್ನದ ಸಾಲ ಮೂರನೆಯದು. ಬೆಳೆ ಸಾಲದಲ್ಲಿ ಮಾತ್ರ ಗಡುವು ಕಾಯ್ದುಕೊಂಡರೆ ಸಾಕು. ಜನ ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು. ಬ್ಯಾಂಕಿನ ನೋಟಿಸಿಗೆ ಹೆದರಿ ನೂರಕ್ಕೆ ಐದರಂತೆ ತಂದು ಬ್ಯಾಂಕಿಗೆ ಕಟ್ಟುತ್ತಾರೆ. ಅಗ್ಗದ ಸಾಲ ತೀರಿ ದುಬಾರಿ ಸಾಲ ಉಳಿಯುತ್ತದೆ.

ಬೆಳೆ ಸಾಲ ನವೀಕರಣಕ್ಕೆ, ಅಂದರೆ ಹಳೇದನ್ನು ಕಟ್ಟಿ ಮತ್ತೆ ತೆಗೆಯಲು, ಎರಡು ದಿನದ ಮಟ್ಟಿಗೆ ದುಡ್ಡು ಕೊಡುವವರು ಊರೂರಲ್ಲಿದ್ದಾರೆ. ಅವರ ಹತ್ತಿರ ಹೋಗುವ ಮುನ್ನ ಒಂದು ಲೆಕ್ಕ ಮಾಡಿ. ಒಂದು ಲಕ್ಷದ ಕಿಸಾನ್ ಕಾರ್ಡ್ ಸಾಲಕ್ಕೆ ಗಡುವಿನೊಳಗೆ ಕಟ್ಟಿದ್ದರಿಂದ ಉಳಿಯುವುದು ಶೇ 3, ಅಂದರೆ ವರ್ಷಕ್ಕೆ 3,000. ಎರಡು ದಿನಕ್ಕೆ ಆತ ಅಷ್ಟನ್ನೇ ಕೇಳಿದರೆ ನಿಮಗೆ ಉಳಿದದ್ದೇನು? ಸಂಬಂಧಿಕರಲ್ಲಿ ಕೇಳುವುದು ಮೇಲು.

ಇನ್ನೊಂದು. ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರು ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಸುಮ್ಮನಿರಬೇಡಿ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆಮೇಲೆ ಕಾಯ್ದೆಯಾದ ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡದ ಅವಕಾಶವಿದೆ. ಠಾಣೆಗೆ ಒಬ್ಬರೇ ಹೋಗಬೇಡಿ, ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ.

ಹಂತ 3: ಕಾಗದ ಪತ್ರ ಸರಿ ಮಾಡಿಕೊಳ್ಳಿ

ಹೆಚ್ಚು ಜನ ಎಡವುವ ಜಾಗ ಇದೇ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಬರ ಘೋಷಣೆ ಆದ ಮೇಲೆ ನಾಡಕಚೇರಿಗೆ ಓಡಿದರೆ ತಡವಾಯಿತು ಎಂದೇ ಅರ್ಥ.

ಮೊದಲು ಪಹಣಿ ಯಾರ ಹೆಸರಲ್ಲಿದೆ ನೋಡಿ. ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಬೆಳೆ ಸಾಲ, ವಿಮೆ, ಪರಿಹಾರ ಎಲ್ಲಕ್ಕೂ ತೊಡಕು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಹಾಕಿ. ಅಣ್ಣತಮ್ಮಂದಿರಲ್ಲಿ ಮಾತು ನಿಂತಿದ್ದರೂ ಈ ಒಂದು ಕೆಲಸಕ್ಕೆ ಒಟ್ಟಿಗೆ ಕೂರಿ. ಭಾಗದ ಜಗಳ ಆಮೇಲೆ ಇದ್ದೇ ಇದೆ.

ಎರಡನೆಯದು ಫ್ರೂಟ್ಸ್, ಅಂದರೆ ರೈತರ ಮತ್ತು ಅವರ ಜಮೀನಿನ ಸರ್ಕಾರಿ ಕಂಪ್ಯೂಟರ್ ದಾಖಲೆಯಲ್ಲಿ ನೋಂದಣಿ. ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಎಫ್‌ಐಡಿ (ರೈತ ಗುರುತು) ಸಂಖ್ಯೆ ಕೇಳಿ. ಸಂಖ್ಯೆ ಇದ್ದರೆ ಸಾಲದು, ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ ನೋಡಿ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಯಿತು. ಆಗ ಪರಿಹಾರ ಬಂದದ್ದು ಫ್ರೂಟ್ಸ್‌ನಲ್ಲಿ ದಾಖಲಾದ ಜಮೀನಿನ ಅಳತೆಗೆ. ನಾಲ್ಕು ಎಕರೆ ಇದ್ದು ಒಂದು ಎಕರೆ ಮಾತ್ರ ಸೇರಿಸಿದ್ದವರಿಗೆ ಒಂದು ಎಕರೆಯ ಹಣ ಬಂತು, ಅಷ್ಟೇ. ಮಳೆಯಾಶ್ರಿತ ಬೆಳೆಗೆ ಕೇಂದ್ರದ ಮಾನದಂಡ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,400. ಗರಿಷ್ಠ ಎರಡು ಹೆಕ್ಟೇರ್. ದೊಡ್ಡ ದುಡ್ಡಲ್ಲ, ಆದರೆ ಬೀಜ ಗೊಬ್ಬರಕ್ಕೆ ಸಾಲ ಮಾಡುವುದು ತಪ್ಪುತ್ತದೆ.

ಮೂರನೆಯದು ಬೆಳೆ ಸಮೀಕ್ಷೆ. ಹೊಲದಲ್ಲಿ ರಾಗಿ, ದಾಖಲೆಯಲ್ಲಿ ಮೆಕ್ಕೆಜೋಳ ಇದ್ದರೆ ವಿಮೆಯೂ ಇಲ್ಲ, ಬೆಂಬಲ ಬೆಲೆಯೂ ಇಲ್ಲ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಫೋಟೊ ಹಾಕಬಹುದು. ಅಕ್ಕಡಿ ಸಾಲಿನ (ಮುಖ್ಯ ಬೆಳೆಯ ನಡುವೆ ಬಿಡುವ) ಅವರೆ, ತೊಗರಿಯನ್ನೂ ಬಿಡದೆ ಸೇರಿಸಿ. ತಪ್ಪು ದಾಖಲಾಗಿದ್ದರೆ ಆಕ್ಷೇಪಣೆಯ ದಿನ ಮುಗಿಯುವ ಮೊದಲು ಹೇಳಿ.

ನಾಲ್ಕನೆಯದು ಆಧಾರ್ ಜೋಡಣೆ. ಪರಿಹಾರ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಅದು ಯಾವ ಬ್ಯಾಂಕು ಎಂದು ತಿಳಿದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮರೆತುಹೋದ ಹಳೇ ಖಾತೆಗೆ ಹಣ ಬಂದು ಸುಮ್ಮನೆ ಕೂತಿರುತ್ತದೆ.

ಬೆಳೆ ವಿಮೆ ಬಗ್ಗೆ ಎರಡು ಮಾತು. ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಮುಖ್ಯ ಬೆಳೆಗೆ ನಷ್ಟ ಅಳೆಯುವುದು ಇಡೀ ಪಂಚಾಯಿತಿಯ ಇಳುವರಿ ನೋಡಿ. ನಿಮ್ಮ ಹೊಲ ಒಂದೇ ಒಣಗಿದರೆ ಪರಿಹಾರ ಸಿಗದೆ ಹೋಗಬಹುದು. ಆದರೆ ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ, ಕೊಯ್ದು ಒಣಗಲು ಹರಡಿದ ಬೆಳೆ ಅಕಾಲ ಮಳೆಗೆ ನೆಂದರೆ ನಿಮ್ಮ ಹೊಲವನ್ನೇ ನೋಡುತ್ತಾರೆ. ಅದಕ್ಕೆ 72 ಗಂಟೆಯೊಳಗೆ 14447ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಬೇಕು. "ಭಾನುವಾರ ಕಳೀಲಿ" ಅಂದವರಿಗೆ ಹಕ್ಕು ಹೋಗುತ್ತದೆ.

ಹಂತ 4: ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ

ಕಟ್ಟಲಾಗದು ಎಂದು ಗೊತ್ತಾದ ಕೂಡಲೇ ಜನ ಬ್ಯಾಂಕಿನ ಬೀದಿ ಬಿಟ್ಟು ಓಡಾಡುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಸರ್ಕಾರ ಬರಪೀಡಿತ ಎಂದು ಘೋಷಿಸಿದ ಕಡೆ, ಬೆಳೆ ನಷ್ಟ ಶೇ 33 ದಾಟಿದ್ದರೆ ಬೆಳೆ ಸಾಲವನ್ನು ಅವಧಿ ಸಾಲವಾಗಿ (ಕೆಲವು ವರ್ಷಗಳಲ್ಲಿ ಕಂತಿನಂತೆ ಕಟ್ಟುವ ಸಾಲ) ಬದಲಾಯಿಸಿ, ಕಂತು ಮುಂದೂಡುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ನಿಯಮಗಳು ಬ್ಯಾಂಕುಗಳಿಗೆ ಕೊಟ್ಟಿವೆ. ಸಾಲ ಸುಸ್ತಿಯಾದ ಮೇಲೆ ಕೇಳಿದರೆ ಈ ದಾರಿ ಕಿರಿದಾಗುತ್ತದೆ.

ಬಾಯಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ಖಾತೆ ಸಂಖ್ಯೆ, ಸರ್ವೆ ನಂಬರ್, ಹೋದ ಬೆಳೆ, ನಿಮ್ಮ ಕೋರಿಕೆ ಬರೆದು ಎರಡು ಪ್ರತಿ ಮಾಡಿ. ಒಂದರ ಮೇಲೆ ಬ್ಯಾಂಕಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದೇ ಪತ್ರದಲ್ಲಿ, ಬರ ಪರಿಹಾರ ಬಂದರೆ ಸಾಲಕ್ಕೆ ಮುರಿದುಕೊಳ್ಳಬಾರದು ಎಂದೂ ಬರೆಯಿರಿ. 2024ರಲ್ಲಿ ರಾಜ್ಯ ಸರ್ಕಾರವೂ ಬ್ಯಾಂಕುಗಳಿಗೆ ಹೀಗೆಯೇ ಸೂಚಿಸಿತ್ತು.

ಎಚ್ಚರ: ಕಂತು ಮುಂದೂಡಿದರೂ ಬಡ್ಡಿ ಓಡುತ್ತಿರುತ್ತದೆ. ಒಟ್ಟು ಎಷ್ಟಾಗುತ್ತದೆ ಎಂದು ಸಹಿ ಹಾಕುವ ಮೊದಲೇ ಕೇಳಿ.

ಹಂತ 5: ಹಸು ಮತ್ತು ಮೇವು ಉಳಿಸಿ

ಮಳೆ ಇರಲಿ ಬಿಡಲಿ, ಕಷ್ಟದ ವರ್ಷದಲ್ಲಿ ಕೈಗೆ ಕಾಸು ತರುವುದು ಹಾಲು. ಡೈರಿ ಬಟವಾಡೆ ನಿಂತರೆ ಮನೆ ಕೈಸಾಲದ ಕಡೆ ತಿರುಗುತ್ತದೆ. ಆದ್ದರಿಂದ ಹೊಲಕ್ಕಿಂತ ಮೊದಲು ಕೊಟ್ಟಿಗೆ ನೋಡಿ.

ಮೇವು ಅಳೆಯಿರಿ. ಹಸಿ ಮೇವು, ಫೀಡ್ ಬಿಟ್ಟು ಒಂದು ಸೀಮೆ ಹಸುವಿಗೆ ದಿನಕ್ಕೆ 6 ಕೆಜಿ ಒಣ ಹುಲ್ಲು ಎಂದಿಟ್ಟುಕೊಂಡರೆ, ಜನವರಿಯಿಂದ ಜೂನ್ ಕೊನೆವರೆಗೆ 180 ದಿನಕ್ಕೆ 1,080 ಕೆಜಿ ಬೇಕು. ಎರಡು ಹಸುವಿಗೆ ಎರಡು ಟನ್‌ಗೂ ಜಾಸ್ತಿ. ಮೆದೆಯಿಂದ ನಾಲ್ಕೈದು ಹೊರೆ ತೂಗಿ ಸರಾಸರಿ ತೆಗೆದು, ಎಷ್ಟು ಹೊರೆ ಇದೆ ಎಂದು ಎಣಿಸಿ. ಕೊರತೆ ಇದ್ದರೆ ಸುಗ್ಗಿ ಮುಗಿದ ಕೂಡಲೇ, ಹುಲ್ಲು ಅಗ್ಗವಿರುವಾಗಲೇ ತನ್ನಿ. ಏಪ್ರಿಲ್‌ನಲ್ಲಿ ಕೊಳ್ಳುವುದು ಹಸು ಮಾರಿದಂತೆಯೇ.

ಹುಲ್ಲನ್ನು ಇಡಿಯಾಗಿ ಹಾಕಿದರೆ ಕಾಲಡಿಗೆ ಹೋಗುವುದೇ ಬಹಳ. ಚಾಫ್ ಕಟರ್‌ನಲ್ಲಿ ಕತ್ತರಿಸಿ ಹಾಕಿ. ಸ್ವಂತದ್ದು ಇಲ್ಲದಿದ್ದರೆ ನಾಲ್ಕು ಮನೆ ಸೇರಿ ಒಂದು ತನ್ನಿ.

ಒಣ ಹುಲ್ಲಿಗೆ ಯೂರಿಯಾ ಉಪಚಾರ ಮಾಡುವವರು ಅಳತೆ ತಪ್ಪಬಾರದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50ರಿಂದ 60 ಲೀಟರ್ ನೀರು. ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಿ. ತೆಗೆದ ಮೇಲೆ ಸ್ವಲ್ಪ ಹೊತ್ತು ಹರಡಿ ವಾಸನೆ ಹೋದ ನಂತರ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡವೇ ಬೇಡ. ಕರಗದ ಯೂರಿಯಾ ಅಥವಾ ಯೂರಿಯಾ ನೀರು ಹಸುವಿನ ಬಾಯಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಬಕೆಟ್ ತೊಳೆದಿಡಿ.

ಬರದಲ್ಲಿ ಇನ್ನೊಂದು ಸಾವು ಜೋಳದಿಂದ ಬರುತ್ತದೆ. ಮಳೆಯಿಲ್ಲದೆ ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳದಲ್ಲಿ ವಿಷ ಸೇರಿರುತ್ತದೆ. ಹಸಿದ ದನ ಅಂಥ ಹೊಲಕ್ಕೆ ನುಗ್ಗಿದರೆ ಹೊಟ್ಟೆ ಉಬ್ಬರಿಸಿ, ಉಸಿರುಗಟ್ಟಿ ಸ್ವಲ್ಪ ಹೊತ್ತಲ್ಲೇ ಬೀಳುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಸಿ. ಜೋಳ ಹೂ ಬಿಡುವ ಮೊದಲು ಹಸಿಯಾಗಿ ಮೇಯಿಸಬೇಡಿ.

ಹಂತ 6: ಈಗ ಬೆಳೆ. ಖರ್ಚು ಕಡಿಮೆ ಇರುವುದನ್ನು ಹಾಕಿ

ಕೈಯಲ್ಲಿ ಕಾಸಿಲ್ಲದ ವರ್ಷ ಬೆಳೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಪೂರ್ತಿ ಹೋದರೆ ನಾನು ಎಷ್ಟು ಕಳೆದುಕೊಳ್ಳುತ್ತೇನೆ?

ರಾಗಿ ಹೋದರೆ ಬೀಜ, ಉಳುಮೆ, ಸ್ವಲ್ಪ ಗೊಬ್ಬರ ಹೋಗುತ್ತದೆ. ಕಾಳು ಕಟ್ಟದಿದ್ದರೂ ಹುಲ್ಲು ಸಿಗುತ್ತದೆ. ಟೊಮೆಟೊ ಹೋದರೆ ಸಸಿ, ಕಡ್ಡಿ, ದಾರ, ಔಷಧಿ, ಕೂಲಿ ಸೇರಿ ಎಕರೆಗೆ ಲಕ್ಷದ ಮಾತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತು. ಆ ಬೆಲೆ ಕೇಳಿ ನಾಟಿ ಮಾಡಿದವರ ಹಣ್ಣು ಬರುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳಿಗೂ ಜಾಸ್ತಿ ಬೇಕು. ಪೇಪರಿನಲ್ಲಿ ಬೆಲೆ ನೋಡಿ ನಾಟಿ ಮಾಡುವುದು ಸಾಲ ಇದ್ದವರ ಕೆಲಸ ಅಲ್ಲ.

ಖುಷ್ಕಿಯಲ್ಲಿ ರಾಗಿ ಜೊತೆ ಎಂಟು ಸಾಲಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ ಬಿಡಿ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಮಳೆ ಜುಲೈನಲ್ಲಿ ಬಂದರೆ ಜಿಪಿಯು-28, ಎಂಎಲ್-365ರಂಥ ಮಧ್ಯಮಾವಧಿ ತಳಿ. ಆಗಸ್ಟ್‌ಗೆ ಹೋದರೆ ಜಿಪಿಯು-48ರಂಥ ಅಲ್ಪಾವಧಿ ತಳಿ. ಅದೂ ದಾಟಿದರೆ ಹುರುಳಿ, ಹುಚ್ಚೆಳ್ಳು. ಹೊಲ ಬೀಳು ಬಿಡುವುದಕ್ಕಿಂತ ಹುರುಳಿ ಚೆಲ್ಲುವುದು ಮೇಲು, ಹೊಟ್ಟು ಹಸುವಿಗಾಯಿತು.

ಮೇಲುಗೊಬ್ಬರದ ಯೂರಿಯಾವನ್ನು ಮಳೆ ಬಂದ ಮೇಲೆ ಮಾತ್ರ ಹಾಕಿ. ಅಂಗಡಿಯಲ್ಲಿ ಉದ್ರಿ ತಂದರೆ ಹೆಚ್ಚಿನ ಬೆಲೆಯ ಜೊತೆಗೆ ಬೇಡದ ಎರಡು ಔಷಧಿಯೂ ಚೀಲಕ್ಕೆ ಬೀಳುತ್ತದೆ. ನಗದು ಕೊಟ್ಟು ಕಡಿಮೆ ತನ್ನಿ. ಸಂಶಯವಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊಳವೆಬಾವಿ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಬರದ ವರ್ಷ, ಸಾಲದ ದುಡ್ಡಲ್ಲಿ ಹೊಸದು ಕೊರೆಸಬೇಡಿ. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗದ ಉದಾಹರಣೆ ಬೇಕಾದಷ್ಟಿದೆ.

ಹಂತ 7: ಮಾರುವಾಗ ಆತುರ ಬೇಡ

ಮನೆಗೆ ಬೇಕಾದ ರಾಗಿ, ಮುಂದಿನ ವರ್ಷದ ಬೀಜ ಮೊದಲು ಎತ್ತಿಡಿ. ಸಾಲ ಕೊಟ್ಟವರು ಕಣದಲ್ಲೇ ನಿಂತಿದ್ದರೂ ಇದನ್ನು ಬಿಡಬೇಡಿ.

ರಾಗಿಯ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಾಲಿಗೆ 4,290 ಇತ್ತು, 2025-26ಕ್ಕೆ 4,886 ಆಯಿತು. ಆ ಬೆಲೆಗೆ ಸರ್ಕಾರಕ್ಕೆ ಮಾರಲು ಮಾಡಿಸುವ ನೋಂದಣಿಗೆ ಎಫ್‌ಐಡಿ ಬೇಕು, ದಿನಗಳು ಕಡಿಮೆ, ಎಕರೆಗೆ ಇಷ್ಟೇ ಎಂಬ ಮಿತಿಯೂ ಇರುತ್ತದೆ. ಹಣ ಬರಲು ವಾರಗಟ್ಟಲೆ ಆಗಬಹುದು, ಅದನ್ನು ಹಂತ 1ರ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಬೆಲೆ ಬಿದ್ದಿದ್ದರೆ ಎಪಿಎಂಸಿಯಲ್ಲಿ ಅಡಮಾನ ಸಾಲದ ಸೌಲಭ್ಯ ಇದೆಯಾ ವಿಚಾರಿಸಿ. ಧಾನ್ಯ ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ಪಡೆದು ಕಾಯಬಹುದು. ಚೆನ್ನಾಗಿ ಒಣಗಿಸಿದ ರಾಗಿ ಕೆಡುವುದಿಲ್ಲ. ತೊಗರಿ, ಅವರೆ ಹುಳು ಬೀಳುತ್ತದೆ, ಬಹಳ ಕಾಯಬೇಡಿ.

ಮಂಡಿಯಲ್ಲಿ ಮುಂಗಡ ತೆಗೆದುಕೊಂಡರೆ ಬೇರೆ ಕಡೆ ಮಾರುವ ಹಕ್ಕು ಹೋದಂತೆ. ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರೆ ಅಧಿಕೃತ ಪಟ್ಟಿ (ಬಿಲ್) ಕೇಳಿ.

ಹಂತ 8: ಹೊರಗಿನ ದುಡಿಮೆಗೆ ಯಾರು ಹೋಗಬೇಕು?

ಒಬ್ಬರು ಹೊರಗೆ ದುಡಿದರೆ ತಿಂಗಳ ಕೊರತೆ ಮುಚ್ಚುತ್ತದೆ. ಆದರೆ ಹಾಲು ಕರೆಯುವವರು, ಮೇವು ತರುವವರು ಊರು ಬಿಟ್ಟರೆ ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ. ಓದುವ ಮಕ್ಕಳನ್ನು ಬಿಡಿಸಬೇಡಿ. ಪಂಚಾಯಿತಿಯ ಉದ್ಯೋಗ ಖಾತರಿ ಕೆಲಸಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಂತ 9: ಮಾರಲೇಬೇಕಾಗಿ ಬಂದರೆ ಈ ಕ್ರಮದಲ್ಲಿ

ಮೊದಲು ಬಳಸದ ಬೈಕು, ಪೈಪು, ಹಳೇ ಮೋಟಾರು. ಆಮೇಲೆ ಕುರಿ, ಮೇಕೆ. ಆಮೇಲೆ ಹೋರಿಗರು, ಗಬ್ಬ ನಿಲ್ಲದ ಹಸು. ಒಳ್ಳೇ ಕಡಸು ಇದ್ದರೆ ಉಳಿಸಿ. ಆಮೇಲೆ ಚಿನ್ನ. ವರ್ಷವರ್ಷ ಬಡ್ಡಿ ಮಾತ್ರ ಕಟ್ಟಿ ಅಡ ಇಟ್ಟುಕೊಂಡೇ ಇರುವುದಕ್ಕಿಂತ ಸ್ವಲ್ಪ ಮಾರಿ ಉಳಿದದ್ದನ್ನು ಬಿಡಿಸಿಕೊಳ್ಳುವುದು ಎಷ್ಟೋ ಸಲ ಲೇಸು. ಮನೆಯಾಕೆ ಒಪ್ಪಿದರೆ ಮಾತ್ರ, ಒಡವೆ ಅವರದು. ಹಾಲು ಕೊಡುವ ಹಸು ಇದಾದ ಮೇಲೆ. ಜಮೀನು ಎಲ್ಲದರ ಕೊನೆಗೆ.

ಜಮೀನಿನ ವಿಷಯದಲ್ಲಿ ಒಂದನ್ನು ಎಂದೂ ಮಾಡಬೇಡಿ: ನಂಬಿಕೆ ಕ್ರಯ. "ದುಡ್ಡು ಕೊಟ್ಟಾಗ ವಾಪಸ್ ಬರೆದುಕೊಡ್ತೀನಿ" ಎಂದು ಹೇಳಿ ಶುದ್ಧ ಕ್ರಯಪತ್ರಕ್ಕೇ ಸಹಿ ಹಾಕಿಸಿಕೊಳ್ಳುತ್ತಾರೆ. ನೋಂದಣಿ ಆದ ದಿನವೇ ಕಾಗದದ ಪ್ರಕಾರ ಜಮೀನು ಅವರದು. ಎರಡು ಲಕ್ಷದ ಸಾಲಕ್ಕೆ ಎರಡು ಎಕರೆ ಹೋಗುವುದು ಹೀಗೆ. ಖಾಲಿ ಚೆಕ್, ಖಾಲಿ ಛಾಪಾ ಕಾಗದ, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರ ಪತ್ರ) ಕೂಡ ಅಷ್ಟೇ ಅಪಾಯ. ಮಾರಲೇಬೇಕಾದರೆ ಬೇಕಾದ ಗುಂಟೆಗಳನ್ನು ಮಾತ್ರ ಅಳತೆ ಮಾಡಿಸಿ, ಪೂರ್ತಿ ಬೆಲೆಗೆ, ಬ್ಯಾಂಕಿನ ಮೂಲಕ ಹಣ ಪಡೆದು ಮಾರಿ.

ಅಪಾಯದ ಗುರುತುಗಳು

ಒಂದು ಸಾಲದ ಕಂತಿಗೆ ಇನ್ನೊಂದು ಸಾಲ ತೆಗೆಯುವುದು ಶುರುವಾಗಿದ್ದರೆ ಅಂದೇ ನಿಲ್ಲಿಸಿ, ಹಂತ 2ಕ್ಕೆ ಮರಳಿ. ಹಸುವಿನ ಫೀಡ್ ಕಡಿಮೆ ಮಾಡಿ ಕಂತು ಕಟ್ಟುತ್ತಿದ್ದರೆ ಹಾಲು ಇಳಿದು ಮುಂದಿನ ಕಂತೂ ತಪ್ಪುತ್ತದೆ. ಬೀಜದ ರಾಗಿ ಊಟಕ್ಕೆ ತೆಗೆದಿದ್ದರೆ ರೇಷನ್ ಚೀಟಿ, ಪರಿಹಾರ, ನೆಂಟರ ನೆರವು ಏನು ಸಿಗುತ್ತದೋ ಆ ವಾರವೇ ಕೇಳಿ.

ಎಲ್ಲಕ್ಕಿಂತ ಗಂಭೀರವಾದದ್ದು ಮನುಷ್ಯರ ಗುರುತು. ಯಜಮಾನರು ಸಾಲ ಎಷ್ಟಿದೆ ಎಂದು ಹೇಳಲು ಒಪ್ಪದಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಹೊಲದ ಕಡೆ ಹೋಗುವುದೇ ನಿಂತಿದ್ದರೆ, "ನಾನಿಲ್ಲದಿದ್ದರೆ ನೀವಾದರೂ ಚೆನ್ನಾಗಿರ್ತೀರಿ" ಅನ್ನುವ ಮಾತು ಬಂದಿದ್ದರೆ ಲೆಕ್ಕದ ಪುಸ್ತಕ ಪಕ್ಕಕ್ಕಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಅಂದೇ ಬೇರೆ ಮನೆಗೆ ಸಾಗಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಯಜಮಾನರು ಮಾತಾಡಲು ಒಪ್ಪದಿದ್ದರೆ ಅವರ ಪರವಾಗಿ ನೀವೇ ಮಾಡಿ.